ಯಥಾಸ್ಥಿತಿ

ಹನ್ನೊಂದು ತಿಂಗಳು.
ಹನ್ನೆರಡಾದರ ರಿಜಿಸ್ಟ್ರಿ ಖರ್ಚು ಬೀಳತದ;
ಉಳಿದ ಒಂದು ತಿಂಗಳು ಎಲ್ಲಿ ಹೋತು
ಅಂತ ಯಾರೂ ಕೇಳೂದಿಲ್ಲ.
ಗದಗಿನ ಕಚೇರಿ ಎದುರು, ತಗಡಿನ ನೆರಳಾಗ
ಇಪ್ಪತ್ತಾರು ವರ್ಷ ಬಾಡಿಗಿ ಪತ್ರ ಬರದೇನಿ.
ಗೋಡೆಗೆ ಮೊಳೆ ಹೊಡೆಯತಕ್ಕದ್ದಲ್ಲ.
ಒಳಬಾಡಿಗೆ ಕೊಡತಕ್ಕದ್ದಲ್ಲ.
ನಳ ಬಂದ ದಿನ ಮೊದಲು ಮಾಲಕರ ಟಾಕಿ.
ಕೈಗೇ ಬಾಯಿಪಾಠ ಆಗೇದ, ನಾ ಬ್ಯಾರೆ ಏನರೆ ನೆನಸಿಕೋತ ಇರಬಹುದು.

ಇವತ್ತು ಬಂದವರು ಬೆಟಗೇರಿಯವರು.
"ವಾಸಕ್ಕ ಮಾತ್ರ ಅಂತ ಬರೀರಿ," ಅಂದ್ರು ಮಾಲಕಿ ಚಂಪಾಬಾಯಿ ಬಾಕಳೆ,
"ಮಗ್ಗ ಹೂಡಿದರ ನಗರಸಭೆಯವರು ಅಂಗಡಿ ತೆರಿಗಿ ಜಡೀತಾರ,
ಮೀಟರ್ ಬದಲಿ ಮಾಡ್ರಿ ಅಂತಾರ.
ನೆಲಾ ಅಗದು ಕುಣಿ ತೋಡಿದರ
ನಾಳೆ ಇನ್ನೊಬ್ಬರಿಗೆ ಕೊಡೂದು ಹೆಂಗ?"
ನೀಲಪ್ಪ ಗಂಜಿ ಸುಮ್ಮನ ಕೂತಿದ್ದ.
ತೋರಬೆರಳಿನ ತುದಿ ನುಣ್ಣಗ, ದಾರ ತಿಂದದ್ದು.

ಬರದೆ.
ಷರತ್ತು ಒಂಬತ್ತು: ನೆಲ ಅಗೆಯತಕ್ಕದ್ದಲ್ಲ.
ಷರತ್ತು ಹತ್ತು: ಬಿಡುವಾಗ ಮನೆಯನ್ನು
ಯಥಾಸ್ಥಿತಿಯಲ್ಲಿ ಒಪ್ಪಿಸತಕ್ಕದ್ದು.
ಓದಿ ಹೇಳಿದೆ.

ಅಲ್ಲಿ ತನಕ ಬಾಯಿ ಬಿಡದ ಅವನ ಹೇಣ್ತಿ ರುದ್ರವ್ವ:
"ಯಕ್ಕಾ, ಮನಿ ನೋಡಾಕ ಬಂದಾಗ
ನಡುಮನ್ಯಾಗ, ಕಿಟಕಿ ಬೆಳಕು ಬೀಳೂ ಕಡೆ
ಒಂದು ಫರಸಿ ಕಾಲಿಗೆ ಟೊಳ್ಳ ಅನಿಸಿತು.
ಹಿಮ್ಮಡದಿಂದ ಬಡದು ನೋಡಿದೆ.
ಕೆಳಗ ಕುಣಿ ಐತಿ. ಯಾರೋ ಮುಚ್ಚ್ಯಾರ, ಪೂರಾ ತುಂಬಿಲ್ಲ.
ನಾವು ಅಗಿಯೂದಿಲ್ಲ. ಕಲ್ಲು ಎತ್ತತೀವಿ, ಅಷ್ಟ."

ಚಂಪಾಬಾಯಿ ಕನ್ನಡಕ ತಗದರು. ಒರೆಸಲಿಲ್ಲ.
"ಎರಡು ಬುಟ್ಟಿ ಮಣ್ಣು ಕಮ್ಮಿ ಬಿತ್ತು ಆಗ,"
ಅಂದ್ರು, ನನಗೂ ಅಲ್ಲ, ಅವರಿಗೂ ಅಲ್ಲ,
"ಗೌಂಡಿ ಇನ್ನೂ ರೊಕ್ಕಾ ಕೇಳಿದ. ಅಪ್ಪ ಹೋಗಿ ತಿಂಗಳಾಗಿತ್ತು.
ಇರಲಿ ಬಿಡು, ಕಲ್ಲು ಹಾಕು ಅಂದೆ.
ಆ ಕುಣಿ ದಂಡಿಗೆ ಕೂತು ಕಂಡಿಕಿ ಸುತ್ತಿದಾಕಿ ನಾನು."

ಗುಮಾಸ್ತ ಚಹಾ ತಂದ. ಆರಿತು.

ಆಮ್ಯಾಲೆ ಮಾಲಕಿ ಮತ್ತ ಮಾಲಕಿ ಆದರು:
"ತೆರಿಗಿ ಹೆಚ್ಚಿಗಿ ಬಂದರ ಅವರದು. ಬರೀರಿ."
ಬರದೆ, ಷರತ್ತು ಹನ್ನೊಂದು.
"ಮತ್ತ ಒಂಬತ್ತು, ಹತ್ತು?" ಅಂತ ಕೇಳಿದೆ.
ಛಾಪಾ ಕಾಗದದಾಗ ಕಾಟು ಹಾಕೂಹಂಗಿಲ್ಲ.
"ಇರಲಿ," ಅಂದ್ರು. "ಅದರಾಗ ತಪ್ಪೇನದ?"

ಇಷ್ಟು ವರ್ಷ ಬರದ ಶಬ್ದ.
ಯಾವ ಸ್ಥಿತಿ ಅಂತ ಯಾರೂ ಕೇಳಿರಲಿಲ್ಲ,
ನಾನೂ.

ನನ್ನ ಫೀ ಇಬ್ಬರೂ ಅರ್ಧರ್ಧ ಎಣಿಸಿದರು, ಚಿಲ್ಲರ ಸಾಲಲಿಲ್ಲ.
ನೀಲಪ್ಪ ಸಹಿ ಮಾಡೂಮುಂದ ಪೆನ್ನು ಕೆಳಗ ಬಿತ್ತು;
ಬಗ್ಗಿ ನೋಡಿದೆ:
ಟೇಬಲ್ಲಿನ ಅಡಿ, ಚಪ್ಪಲಿ ಬಿಟ್ಟ ಎರಡು ಪಾದ
ಒಂದು ಒತ್ತಿ, ಒಂದು ಎತ್ತಿ,
ಒಂದು ಒತ್ತಿ.