ಮುಷ್ಟಿಯೊಳಗೆ

ಕುತೈಸಿ. ರಿಯೋನಿ ನದಿಗೆ ಬೆನ್ನು ಹಾಕಿ ಕೂತ ಹಳೆಯ ಸಭಾಂಗಣ,
ಹೀಟರಿನ ಸೀಮೆಎಣ್ಣೆ ವಾಸನೆ.
ಆರನೆಯ ಮೇಜು. ತಲಾ ಮೂರೇ ನಿಮಿಷ.
ತೀರ್ಪುಗಾರ ನಾನು; ಕಣ್ಣುಂಟು, ಬಾಯಿಲ್ಲ.

ಮಾಕ್ವಾಲಾ ಆಡುವುದು ಆಕ್ರೋಟು ಒಡೆದಂತೆ,
ಸಿಪ್ಪೆ ಎಲ್ಲಿ ಬಿತ್ತೆಂದು ನೋಡುವವಳಲ್ಲ.
ತ್ಸಿಸಾನಾ ಸಾಲ ವಸೂಲಿಗೆ ಬಂದವಳು.
ಟಕ್. ಟಕ್. ಗಡಿಯಾರದ ಎರಡೂ ಕೆನ್ನೆಗೆ ಏಟು.
ಕುದುರೆ ಹೋಯಿತು, ಆನೆ ಹೋಯಿತು,
ಬಿಳಿಯ ರಾಣಿಯೂ ಹೋದಳು,
ಹೋದವಳು ಮೇಜಿಗಿಳಿಯದೆ
ತ್ಸಿಸಾನಾಳ ಎಡ ಮುಷ್ಟಿಯಲ್ಲೇ ಉಳಿದಳು.
ಅವಳಿಗದು ಗೊತ್ತಿಲ್ಲ. ಬೆರಳ ಗೆಣ್ಣು ಬಿಳುಚಿವೆ.

ಏಳು ಸೆಕೆಂಡು.
ಮಾಕ್ವಾಲಾಳ ಕಾಲಾಳು ಕೊನೆಯ ಮನೆ ಮುಟ್ಟಿದ.
ಇನ್ನವನು ರಾಣಿಯಾಗಬೇಕು.
ರಾಣಿಯೆಲ್ಲಿ?
ಕೈ ಮೇಜೆಲ್ಲ ತಡವಿತು, ನೀರಿನ ಲೋಟ ಉರುಳಿತು,
ಸಿಕ್ಕಿದ್ದು ಸತ್ತ ಆನೆ. ತಲೆಕೆಳಗು ನಿಲ್ಲಿಸಿ,
ರಾಣಿಯೆಂದುಕೊಂಡು, ಮರುನಡೆಗೆ ಓರೆಯಲ್ಲಿ ಓಡಿಸಿದಳು.

ನನ್ನ ಜೇಬಿನಲ್ಲಿ ಇಬ್ಬರು ರಾಣಿಯರಿದ್ದರು.
ಗಡಿಯಾರ ನಿಲ್ಲಿಸಿ ಕೈಯೆತ್ತಿದ್ದರೆ ಸಾಕಿತ್ತು.
ಎತ್ತಲಿಲ್ಲ.
ಈಗ ಬಾಯಿ ಬಂತು ನನಗೆ:
“ತಲೆಕೆಳಗಾದರೂ ಆನೆ ಆನೆಯೇ. ಓರೆ ನಡೆಯದು.”
ಎದುರಾಳಿಗೆ ಒಂದು ನಿಮಿಷ ಸೇರಿಸಿದೆ.
ಮೂರು ಸೆಕೆಂಡಿನಲ್ಲಿ ಆನೆ
ಎಷ್ಟು ದೂರ ನಡೆದೀತು?

ಕೈ ಕುಲುಕಲು ಎದ್ದಾಗಲೇ ತ್ಸಿಸಾನಾ
ತನ್ನ ಎಡಗೈ ನೋಡಿಕೊಂಡದ್ದು.
ಬಿಡಿಸಿದಳು. ಅಂಗೈಯಲ್ಲಿ ಕಿರೀಟದ ಹಲ್ಲಿನ ಗುರುತು.
ಕ್ಷಮೆ ಕೇಳಲು ಬಾಯಿ ತೆರೆದು, ಮುಚ್ಚಿದಳು.

ಮಾಕ್ವಾಲಾ ರಾಣಿಯನ್ನೆತ್ತಿ ಕೆನ್ನೆಗೊತ್ತಿಕೊಂಡಳು.
“ಬಿಸಿಯಾಗಿದ್ದಾಳೆ” ಎಂದಳು,
ಒದ್ದೆ ಮೇಜನ್ನು ತೋಳಿನಿಂದ ಒರೆಸಿ
ಮತ್ತೆ ಕಾಯಿ ಜೋಡಿಸತೊಡಗಿದಳು.