ಜೀನಿಗೆ ತಕ್ಕ ಕುದುರೆ

ನನ್ನ ಹತ್ತಿರ ಇರುವುದು ಎರಡು ಬ್ಯಾಟರಿ.
ಮೂರಿದ್ದವು. ಒಂದು ಉಬ್ಬಿ,
ಎಣ್ಣೆಗೆ ಬಿಟ್ಟ ಪೂರಿಯಂತಾಗಿ,
ಹಿತ್ತಲಲ್ಲಿ ಉಪ್ಪುನೀರಿನ ಬಕೆಟ್ಟಿನಲ್ಲಿದೆ.
ಅದು ಸಾಯಲು ಎಷ್ಟು ದಿನ ಬೇಕಪ್ಪಾ ಎಂದು
ಹಂಸಿನಿ ಸ್ಕೂಲಿಗೆ ಮುಂಚೆ ದಿನಾ ಬಗ್ಗಿ ನೋಡುತ್ತಾಳೆ.

ವಿಮಾನದ ಕತೆ ಕುಣಿಗಲ್ಲಿಗೆಲ್ಲ ಗೊತ್ತು:
ಬೇಲಿ ದಾಟಿತು,
ಲಾಯದ ಹೆಂಚಿಗೆ ಮೂಗು ಬಡಿದು ಮುರಿಯಿತು,
ಗಬ್ಬದ ಕುದುರೆಯೊಂದು ಬೆಚ್ಚಿ
ಮೂರು ಸುತ್ತು ಓಡಿತಂತೆ.
ಕಾವಲಿನ ಬಸವಲಿಂಗು ರೆಕ್ಕೆಗಳನ್ನು ತಂದುಕೊಟ್ಟ.
ಬೈಯಲಿಲ್ಲ. ಆ ಕುದುರೆಯ ಬೆಲೆ ಮಾತ್ರ ಹೇಳಿದ.
ಅವತ್ತಿನಿಂದ ನಾನು ಮೇಲೆ ನೋಡಿಲ್ಲ.

ಉಳಿದದ್ದು ನೀರು.
ದೊಡ್ಡಕೆರೆ ಕೋಡಿಗೆ ಒಂದು ಗೇಣು ಕಮ್ಮಿ ನಿಂತಿದೆ.
"ಬ್ಯಾಟರಿ ಇದೆ ಅಂತ ದೋಣಿ ತಗೋತೀರಾ?
ಗುಂಡಿ ಸಿಕ್ಕಿತು ಅಂತ ಅಂಗಿ ಹೊಲಿಸಿದ ಹಾಗಾಯ್ತು"
ಎಂದಳು ವಿಮಲಾಕ್ಷಿ, ಮಿಷನ್ನಿನಿಂದ ತಲೆ ಎತ್ತದೆ.
ಜೀನು ಇದೆ ಅಂತ ಕುದುರೆ ಕೊಂಡ ಹಾಗೆ ಅನ್ನು, ಎಂದೆ.
"ಕುದುರೆ ಅನ್ನೋ ಮಾತು ಈ ಮನೇಲಿ ಇನ್ನು ಬೇಡ."

ಸರಿ. ಅಳತೆಯಿಂದ ಶುರು ಮಾಡಿದೆ.
ಉದ್ದ ನೂರ ಆರು ಮಿಲಿಮೀಟರು
(ನೂರಾರು ಅಲ್ಲ, ನೂರ ಆರು),
ಅಗಲ ಮೂವತ್ತನಾಲ್ಕು,
ಮೂರು ಸೆಲ್ಲು, ಹನ್ನೊಂದು ವೋಲ್ಟು ಚಿಲ್ಲರೆ.
ತೂಕ, ಬಿಡಿಹೂವಿನ ಸಾವಿತ್ರಮ್ಮನ ತಕ್ಕಡಿಯಲ್ಲಿ,
ನೂರ ಎಂಬತ್ತು ಗ್ರಾಂ.
ಥರ್ಮೋಕೋಲಿನಲ್ಲಿ ಅದೇ ಗಾತ್ರದ ತುಂಡು ಕೊಯ್ದು
ಜೇಬಿಗಿಟ್ಟು ತುಮಕೂರಿನ ಬಸ್ಸು ಹತ್ತಿದೆ,
ಗಂಡಿನ ಜಾತಕ ಹಿಡಿದು
ಹೆಣ್ಣು ನೋಡಲು ಹೊರಟವನ ಹಾಗೆ.

ಹೊರಪೇಟೆಯ ಇಮ್ದಾದ್ ಮೂರು ದೋಣಿ ಇಳಿಸಿದ.

ಕೆಂಪನೆಯದು, ಮೊಸಳೆಮೂತಿ. ಎರಡೇ ಸೆಲ್ಲು ಕೇಳುತ್ತದೆ.
ನನ್ನದನ್ನು ಕೊಟ್ಟರೆ ಅದರ ಮೋಟಾರು
ಹಬ್ಬದೂಟಕ್ಕೆ ಕೂತ ಉಪವಾಸಿ:
ಎರಡನೇ ಸುತ್ತಿಗೆ ಹೊಗೆ.

ನೀಲಿಯದು ಬಾಣ. ನಾನು ಬಂದ ಬಸ್ಸಿಗಿಂತ ಜೋರು.
ಎರಡು ಬ್ಯಾಟರಿಯನ್ನೂ ಸಾಲಾಗಿ ಹೂಡಬೇಕು.
ನೊಗಕ್ಕೆ ಕಟ್ಟುವ ಜೋಡಿ ಒಂದೇ ವಯಸ್ಸಿನದಿರಬೇಕು;
ನನ್ನವು ಅಣ್ಣ ತಮ್ಮ,
ಅಣ್ಣನಿಗೆ ಆಗಲೇ ಏದುಸಿರು.
ತಮ್ಮ ಎಳೆದಷ್ಟೂ ಅವನು ಬಸವಳಿದು
ಉಬ್ಬಿ
ಬಕೆಟ್ಟು ಸೇರುತ್ತಾನೆ.

ಮೂರನೆಯದು ಹಡಗೆಳೆಯುವ ಹಡಗಿನ ಮರಿ.
ಗುಂಡುಹೊಟ್ಟೆ, ಕಪ್ಪು ಚಿಮಣಿ,
ಎರಡು ದೀಪಾವಳಿ ಅಂಗಡಿಯಲ್ಲೇ ಕಂಡ ಧೂಳು.
"ಇದು ಓಡಲ್ಲ ಸಾರ್. ನಡೆಯುತ್ತೆ."
ಮುಚ್ಚಳ ತೆಗೆದು ಥರ್ಮೋಕೋಲು ಇಟ್ಟೆ.
ಕೂತಿತು. ಬೆರಳು ಬಿಟ್ಟೆ. ಅಲ್ಲಾಡಲಿಲ್ಲ.
ಪಿನ್ನು ಮಾತ್ರ ಬೇರೆ. ಅದಕ್ಕೆ ಬೆಸುಗೆ ಇದೆ.

ಗಾಳಿಯಲ್ಲಿ ಗ್ರಾಂ ಗ್ರಾಮಿಗೂ ಜಿಪುಣನಾಗಿದ್ದೆ,
ರೆಕ್ಕೆಯ ಸ್ಟಿಕ್ಕರ್ ಕೂಡ ಉಗುರಲ್ಲಿ ಕೆರೆದಿದ್ದೆ.
ಅದೇ ತೂಕ ಈಗ ತಳಕ್ಕಿಳಿದು ಕೂತಾಗ
ದೋಣಿ ನೆಟ್ಟಗೆ ನಿಂತಿತು.
ಸಾಲಲಿಲ್ಲ, ಇನ್ನೂ ಬೇಕು ಎಂದಿತು!
ಹಂಸಿನಿ ಎರಡು ಹಿಡಿ ಗೋಲಿ ಸುರಿದಳು.

ಭಾನುವಾರ ಏರಿಯ ಮೇಲೆ ಏಳು ಜನ, ಒಂದು ನಾಯಿ.
ಟ್ಯೂಬಿನ ತೆಪ್ಪದಲ್ಲಿ ಬಲೆ ಬಿಡಿಸುತ್ತಿದ್ದ ರಂಗಶಾಮಿ:
"ಎಷ್ಟೊತ್ತು ಓಡ್ತದೆ?"
ಹದಿನಾರು ನಿಮಿಷ, ಎಂದೆ, ಎದೆಯುಬ್ಬಿಸಿ.
"ನಾನು ಎರಡು ಮುದ್ದೆಗೆ ಸಂಜೆಗಂಟ ಓಡ್ತೀನಿ."

ಅಣ್ಣ ಹದಿಮೂರಕ್ಕೇ ಸುಸ್ತಾದ.
ನಡುನೀರಲ್ಲಿ ಚಿಮಣಿ ಸುಮ್ಮನೆ ತಿರುಗುತ್ತಿತ್ತು,
ದಾರಿ ಕೇಳಲು ನಾಚಿಕೊಂಡವನಂತೆ.
ರಂಗಶಾಮಿ ಹುಟ್ಟಿನ ತುದಿಯಲ್ಲಿ ನೂಕುತ್ತ ನೂಕುತ್ತ
ದಡಕ್ಕೆ ತಂದ, ಹಡಗೆಳೆಯುವ ಹಡಗನ್ನು.
ನಗಲಿಲ್ಲ. ಗೋಲಿ ಎಣಿಸಿಕೋ ಮಗಾ, ಎಂದ.

ರಾತ್ರಿ ಚಾರ್ಜರಿನ ಪಕ್ಕ ಕೂತಿದ್ದೆವು.
ಬ್ಯಾಟರಿಯ ಮೈಮೇಲೆ ನನ್ನ ಹಳೆಯ ಮಾರ್ಕರ್ ಬರಹ: ವಿಮಾನ ೧.
ಹಂಸಿನಿ ಅದನ್ನು ಹೊಡೆದುಹಾಕಲಿಲ್ಲ.
ಕೆಳಗೆ ಜಾಗ ಹುಡುಕಿ, ನಾಲಿಗೆ ಕಚ್ಚಿ, ಬರೆದಳು:
ಹದಿಮೂರು ನಿಮಿಷ. ಹುಷಾರು.