ಎಷ್ಟನೇದು

"ಎಷ್ಟನೇದು?" ಅಂತ ಕೇಳಿದರು ಡಾಕ್ಟರಮ್ಮ,
ಪೆನ್ನು ಕಾಗದದ ಮೇಲೇ ಊರಿಕೊಂಡು.
"ಚೊಚ್ಚಲು" ಅಂದಳು ನಮ್ಮತ್ತೆ, ನಾನು ಬಾಯಿ ತೆರೆಯುವ ಮೊದಲೇ.
ಗಾದಿಲಿಂಗ ಬಾಗಿಲ ಹೊರಗೆ ತನ್ನ ಚಪ್ಪಲಿ ನೋಡುತ್ತ ನಿಂತಿದ್ದ.

ಕೂಸಿಗೆ ಆಗ ಹದಿನಾಲ್ಕು ತಾಸು.
ಕಣ್ಣಿನ ಬಿಳಿ ಹಳದಿ, ಅಂಗಾಲು ಹಳದಿ,
ಒಗೆದ ಮೇಲೂ ಸೆರಗಲ್ಲಿ ಉಳಿದ ಅರಿಶಿನದ ಹಾಗೆ.
"ಕಾಮಣಿ ಅಷ್ಟೇ. ಊರಲ್ಲಿ ರಟ್ಟೆಗೆ ಬರೆ ಹಾಕೋ ತಾತ ಇದ್ದಾನ,
ಹೊತ್ತು ಮೂಡೋದರೊಳಗೆ ಹೋಗಿ ಬರೋಣ" ಅಂದಳು ಅತ್ತೆ.

ಡಾಕ್ಟರಮ್ಮ ತಲೆ ಎತ್ತಲಿಲ್ಲ.
"ನಿಂದು ಓ ನೆಗೆಟಿವ್. ಕೂಸಿಂದು ಓ ಪಾಸಿಟಿವ್.
ನಿನ್ನ ರಕ್ತ ಇದರ ರಕ್ತಾನ ಒಡೀತಾ ಇದೆ.
ಚೊಚ್ಚಲಲ್ಲಿ ಇಷ್ಟಾಗೋದು ಕಡಿಮೆ.
ಅದಕ್ಕೇ ಕೇಳ್ತಿರೋದು."

ಎರಡನೇದು.

ಕೌಲ್ ಬಜಾರಿನ ಜೀನ್ಸ್ ಯೂನಿಟ್ಟಿನಲ್ಲಿ
ನಾನು ಜಿಪ್ಪು ಕೂರಿಸುವವಳು, ದಿನಕ್ಕೆ ನೂರಿಪ್ಪತ್ತು.
ಆಗ ನಾಲ್ಕು ತಿಂಗಳು. ಮಧ್ಯಾಹ್ನ ಕರೆಂಟು ಹೋಗಿ
ಮಿಷನ್ನುಗಳೆಲ್ಲ ಒಮ್ಮೆಗೇ ಸುಮ್ಮನಾದಾಗ
ಸೊಂಟದಲ್ಲಿ ಏನೋ ಬಿಟ್ಟುಕೊಂಡಿತು.
ಕಟಿಂಗ್ ಮೇಜಿನ ಶಹಜಾದ್‌ಬೀ ಚಿಂದಿ ಬಟ್ಟೆ ಹಾಸಿದಳು.
ನೀಲಿಯ ಮೇಲೆ ಬಿದ್ದ ಕೆಂಪು ಕಪ್ಪಾಗಿ ಕಾಣುತ್ತದೆ,
ನನಗೆ ಗೊತ್ತಾದದ್ದು ಅಷ್ಟೇ.
ಇಷ್ಟಕ್ಕೆಲ್ಲ ಆಸ್ಪತ್ರೆ ಯಾಕೆ ಅಂದರು, ಎಳ್ಳು ಬೆಲ್ಲ ಕುಟ್ಟಿ ಕೊಟ್ಟರು.
ಮೂರು ದಿನದೊಳಗೆ ಒಂದು ಸೂಜಿ ಹಾಕಿಸಬೇಕಿತ್ತಂತೆ.
ಮೂರನೇ ದಿನ ನಾನು ಯೂನಿಟ್ಟಿನಲ್ಲಿದ್ದೆ,
ಬೆರಳ ಪಕ್ಕದಲ್ಲೇ ಸೂಜಿ ಓಡುತ್ತಿತ್ತು, ಸಂಜೆಯವರೆಗೆ.

ಹೆಸರಿಲ್ಲ ಅದಕ್ಕೆ. ಮಣ್ಣು ಮಾಡಿದ ಜಾಗವೂ ಇಲ್ಲ.
ಮನೆಯವರು ಮರೆತರು, ನೀನೂ ಮರೀ ಅಂದರು,
ಮರೆತೆ ಅಂತಲೇ ಅಂದುಕೊಂಡಿದ್ದೆ.
ನೆತ್ತರು ಮಾತ್ರ ಆ ಕೂಸಿನ ಗುರುತು ಹಿಡಿದು
ಎರಡು ವರ್ಷ ಹೊಸ್ತಿಲಲ್ಲಿ ಕೂತೇ ಇತ್ತು.
ಅದೇ ಗುರುತಿನ ಇನ್ನೊಂದು ಬಂದಾಗ
ಎದ್ದು ಬಂತು, ಕೈಯಲ್ಲಿ ಕಲ್ಲು.

ಕೂಸನ್ನು ನೀಲಿ ಬೆಳಕಿನಲ್ಲಿ ಮಲಗಿಸಿದರು,
ಕಣ್ಣಿಗೆ ಪಟ್ಟಿ, ಮೈಮೇಲೆ ಒಂದೆಳೆ ಇಲ್ಲ.
ನನ್ನ ಉಗುರ ಸಂದಿಯಲ್ಲೂ ನೀಲಿ,
ಹೆರಿಗೆಗೆ ಹೊರಟಾಗ ಎಷ್ಟು ಉಜ್ಜಿದರೂ ಹೋಗದ್ದು.
ನಮ್ಮಲ್ಲಿ ಪ್ಯಾಂಟಿನ ಬಣ್ಣ ಇಳಿಸಲು ಕಲ್ಲು ಹಾಕಿ ತಿರುಗಿಸುತ್ತಾರೆ,
ಇಲ್ಲಿ ಬೆಳಕು ಹಾಕಿ ಕಾಯುತ್ತಾರೆ.

ಬೆಳಕು ಸಾಲಲಿಲ್ಲ.
ನೆಗೆಟಿವ್ ರಕ್ತ ಬೇಕು ಅಂದರು. ನಂದೇ ತಗೊಳ್ರಿ ಅಂದೆ.
"ಬ್ಯಾಡಾಗಿರೋದೇ ನಿಂದು, ತಾಯಿ" ಅಂದಳು ಸಿಸ್ಟರು,
ನನ್ನ ಹೊದಿಕೆ ಸರಿ ಮಾಡುತ್ತ.

ರಾತ್ರಿ ಎರಡಕ್ಕೆ ತೋರಣಗಲ್ಲಿನಿಂದ ಒಬ್ಬ ಬಂದ,
ಎರ್ರಿತಾತ ಅಂತ ಹೆಸರು, ಆದರೆ ಚಿಕ್ಕ ಹುಡುಗ,
ಶಿಫ್ಟು ಮುಗಿಸಿ ನೆಟ್ಟಗೆ. ಮೊಣಕೈವರೆಗೆ ಕೆಂಪು ದೂಳು.
ಎರಡು ಸಲ ಒರೆಸಿದ ಮೇಲೆ ನರ ಕಂಡಿತಂತೆ.
ಗಾದಿಲಿಂಗ ಐನೂರರ ನೋಟು ಚಾಚಿದರೆ
"ಒಂದು ಚಾ ಕುಡಿಸಣ್ಣ, ಸಾಕು" ಅಂದನಂತೆ.
ನಾನು ಅವನನ್ನು ನೋಡಲೇ ಇಲ್ಲ.

ಹೊಕ್ಕುಳಿಂದ ಹತ್ತು ಎಂಎಲ್ ತೆಗೆಯೋದು, ಹತ್ತು ಹಾಕೋದು.
ಸಿಸ್ಟರು ಎಣಿಸುತ್ತಿದ್ದಳು, ಒಬ್ಬ ಹುಡುಗ ಬರೆದುಕೊಳ್ಳುತ್ತಿದ್ದ.
ಔಟು, ಇನ್ನು. ಔಟು, ಇನ್ನು.
ಗಾಜಿನಾಚೆ ನಾನೂ ಎಣಿಸಿದೆ, ಇಪ್ಪತ್ತೆಂಟಕ್ಕೆ ತಪ್ಪಿತು.
ಸಿರಿಂಜು ಸಿರಿಂಜಾಗಿ ನನ್ನನ್ನು ಅದರೊಳಗಿಂದ ಹೊರಹಾಕುತ್ತಿದ್ದರು.
ಹಾಕಲಿ, ಪೂರ್ತಿ ಹಾಕಲಿ ಅಂತ ಹರಸಿಕೊಂಡೆ.

ಮೂರು ದಿನದ ಮೇಲೆ ಮಡಿಲಿಗೆ ಕೊಟ್ಟಾಗ
ಎದೆಗೆ ಹಚ್ಚಲು ಹೆದರಿದೆ.
"ಹಾಲಿಗೆ ಗ್ರೂಪಿಲ್ಲ, ಕುಡಿಸು" ಅಂತ ಗದರಿದಳು ಸಿಸ್ಟರು.

ಬಿಡುಗಡೆಯ ದಿನ ಕಿಟಕಿಯ ಗುಮಾಸ್ತ
ಮತ್ತದೇ ಕೇಳಿದ. ಎಷ್ಟನೇದು?
"ಎರಡನೇದು" ಅಂದೆ.
"ಮೊದಲನೇದಕ್ಕೆ ಎಷ್ಟು ವಯಸ್ಸು?"
ನನಗೆ ತೋಚಲಿಲ್ಲ.
ಪಕ್ಕದಲ್ಲಿ ಅತ್ತೆ, ಕೂಸಿನ ಕುಲಾವಿ ಕೈಯಲ್ಲೇ ಇತ್ತು,
ತುಟಿ ಅಲ್ಲಾಡಿಸುತ್ತ
ಒಂದೊಂದೇ ಬೆರಳು ಮಡಚತೊಡಗಿದಳು.